ಕಾಗದದಲ್ಲಿ ಸತ್ತವರು

ಏಪ್ರಿಲ್ 28, 1975. ಸೋಮವಾರ

ಬೆಳಿಗ್ಗೆಯಿಂದ ಐದು ಪರ್ಮ್. ಯುದ್ಧ ಸೈಗಾನಿನ ಬಾಗಿಲಿಗೆ ಬಂದಿದೆಯಂತೆ. ನಮ್ಮ ಮಿ ಥೋ ಪಟ್ಟಣದ ಹೆಂಗಸರಿಗೆ ಗುಂಗುರು ಕೂದಲು ಬೇಕಂತೆ. ಕರ್ನಲ್ ಹೆಂಡತಿ ಡ್ರೈಯರ್ ಕೆಳಗೆ ಕೂತು, "ಲುವಾ, ಗಟ್ಟಿಯಾಗಿ ಸುತ್ತು. ಹೆಲಿಕಾಪ್ಟರ್ ಗಾಳಿಗೆ ನಿಲ್ಲಬೇಕು," ಎಂದಳು. ಗಂಡ ಹತ್ತಿಸಿಕೊಳ್ಳುತ್ತಾನೆಂದು ನಂಬಿದ್ದಾಳೆ. ಅವನು ನಿನ್ನೆಯೇ ಒಬ್ಬನೇ ಹೋದನೆಂದು ಮಾರುಕಟ್ಟೆಗೆಲ್ಲ ಗೊತ್ತು. ಹೇಳಲು ಬಾಯಿ ಬರಲಿಲ್ಲ. ಎರಡು ರೋಲರ್ ಹೆಚ್ಚಿಗೆ ಹಾಕಿದೆ.

ಕರೆಂಟ್ ಎರಡು ಸಲ ಹೋಯಿತು. ಎಲೆ ಅಡಿಕೆ ಮುಗಿದಿದೆ ಎಂದು ಅತ್ತೆ ಮೂರು ಸಲ ಕೂಗಿದರು. ತೊವಾನ್‌ನ ಸುದ್ದಿಯಿಲ್ಲ. ನನ್ನ ಮಗ ಸೈನ್ಯದ ಗೋದಾಮಿನಲ್ಲಿ ಬೂಟು ಎಣಿಸುವ ಲೆಫ್ಟಿನೆಂಟ್. ಬೂಟು ಎಣಿಸುವವನನ್ನು ಯಾರು ಕೊಲ್ಲುತ್ತಾರೆ — ಅತ್ತೆಗೆ ಹೀಗೆ ಹೇಳುತ್ತೇನೆ. ನನಗೂ ಹೇಳಿಕೊಳ್ಳುತ್ತೇನೆ.

ಏಪ್ರಿಲ್ 30. ಸಂಜೆ

ಮುಗಿಯಿತಂತೆ. ರೇಡಿಯೋದಲ್ಲಿ ಹೇಳಿದರು. ಮೂವತ್ತು ವರ್ಷದ ರಂಪ. ಮುಗಿಯಿತೆಂದು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಬೀದಿ ತುಂಬ ಹೆಲ್ಮೆಟ್, ಬೂಟು, ಹಸಿರು ಪ್ಯಾಂಟು. ಒಂದು ಇಡೀ ಸೈನ್ಯ ಸ್ನಾನಕ್ಕೆ ಇಳಿದ ಹಾಗೆ. ನಾಲ್ಕು ಗಂಟೆಗೆ ಹಿಂಬಾಗಿಲಲ್ಲಿ ಒಬ್ಬ ಹೆಂಗಸು. ಹೂವಿನ ಪೈಜಾಮ, ತಲೆಗೆ ಟವೆಲ್.

"ಇವತ್ತು ಅಂಗಡಿ ಇಲ್ಲಮ್ಮಾ," ಎಂದೆ.

"ಅಮ್ಮಾ, ನಾನು!"

ತೊವಾನ್. ಯಾರದೋ ಮನೆಯ ಹಗ್ಗದಿಂದ ಎಳೆದುಕೊಂಡು ಬಂದ ಬಟ್ಟೆ. ಮೂರು ಹರದಾರಿ ಹೀಗೇ ನಡೆದಿದ್ದಾನೆ. ದಾರಿಯಲ್ಲಿ ಒಬ್ಬ ಸೈಕಲ್ ರಿಕ್ಷಾದವನು, ಕೂತ್ಕೊಳಮ್ಮಾ ಎಂದನಂತೆ. ತಬ್ಬಿಕೊಂಡೆ, ಬೈದೆ, ಮತ್ತೆ ತಬ್ಬಿಕೊಂಡೆ. ಅತ್ತೆಗೆ ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೆ. "ಯಾರೇ ಅದು? ಒಳ್ಳೇ ಎತ್ತರದ ಹುಡುಗಿ. ನಮ್ಮ ತೊವಾನ್‌ಗೆ ಆಗ್ತಾಳಾ ಕೇಳು," ಎಂದರು.

ಮೇ 2

ಎದುರುಮನೆಯ ಐಸ್ ವ್ಯಾಪಾರಿ ಫುಂಗ್ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡಿದ್ದಾನೆ. ಕಳೆದ ವಾರದವರೆಗೆ ಅವನ ಐಸ್ ಗಾಡಿಯ ಮೇಲೆ ಹಳೇ ಸರ್ಕಾರದ ಹಳದಿ ಬಾವುಟ. ಈಗ ನಮ್ಮ ಬೀದಿಯ ಮುಖ್ಯಸ್ಥ. ಮಾತು ಕೂಡ ಉತ್ತರದವರ ಹಾಗೆ ಬದಲಾಗಿದೆ. ಎರಡು ದಿನದಲ್ಲಿ!

"ಸಂಗಾತಿ ಲುವಾ, ನಿಮ್ಮ ಮನಿ ಮ್ಯಾಲೆ ಬಾವುಟ ಯಾಕಿಲ್ಲ?"

"ಏನಾಯ್ತೋ ನಿನ್ನ ನಾಲಗೆಗೆ? ಐಸ್ ಜಾಸ್ತಿ ತಿಂದ್ಯಾ?"

ಎಲ್ಲರೂ ಈಗ ಸಂಗಾತಿಗಳು. ಇಪ್ಪತ್ತೊಂದು ವರ್ಷ ನನಗೆ ಒಬ್ಬ ಸಂಗಾತಿಯೂ ಇರಲಿಲ್ಲ. ಈಗ ಇಡೀ ಬೀದಿ.

ಬಾವುಟ ಹೊಲಿದೆ. ಅರ್ಧ ಕೆಂಪು, ಅರ್ಧ ನೀಲಿ, ನಡುವೆ ಹಳದಿ ನಕ್ಷತ್ರ. ನೀಲಿಗೆ ಅಂಗಡಿಯ ಹೊದಿಕೆ, ಕೆಂಪಿಗೆ ಅತ್ತೆಯ ಹೊಸವರ್ಷದ ರವಿಕೆ. ನಕ್ಷತ್ರಕ್ಕೆ ಅದು ಹೇಗೋ ಐದರ ಬದಲು ಆರು ಮೂಲೆ ಬಂತು. ಫುಂಗ್ ಎಣಿಸಿದ. ಇನ್ನೊಮ್ಮೆ ಎಣಿಸಿದ. "ಇದು ಯಾವ ದೇಶದ್ದು ಮಾರಾಯ್ತಿ?" — ಗಾಬರಿಯಲ್ಲಿ ನಾಲಗೆ ಸರಿಯಾಯಿತು.

ಮೇ 11

ಏಪ್ರಿಲ್‌ನಲ್ಲಿ ಗುಂಗುರು ಮಾಡಿಸಿಕೊಂಡವರೆಲ್ಲ ಈಗ ನೆಟ್ಟಗೆ ಮಾಡಿಕೊಡು ಎಂದು ಸಾಲು ನಿಂತಿದ್ದಾರೆ. ಗುಂಗುರು ಶ್ರೀಮಂತರ ಕೊಬ್ಬಂತೆ. ಕರ್ನಲ್ ಹೆಂಡತಿಯೂ ಬಂದಿದ್ದಳು. ಎರಡು ರೋಲರ್ ಹೆಚ್ಚಿಗೆ ಹಾಕಿದ್ದೆನಲ್ಲ, ಬಿಚ್ಚಲು ಇಡೀ ಮಧ್ಯಾಹ್ನ ಹಿಡಿಯಿತು.

'ಪ್ಯಾರಿಸ್ ಬ್ಯೂಟಿ ಪಾರ್ಲರ್' ಎಂಬ ಬೋರ್ಡಿನ ಮೊದಲ ಎರಡು ಪದಗಳಿಗೆ ತೊವಾನ್ ಸುಣ್ಣ ಬಳಿದ. ಬರೀ 'ಪಾರ್ಲರ್' ಉಳಿಯಿತು. ಏನು ಮಾರುತ್ತೀರಿ ಎಂದು ಇಬ್ಬರು ಕೇಳಿಕೊಂಡು ಬಂದರು.

ಮೇ 29. ಬೆಳಿಗ್ಗೆ

ನಿಧಾನವಾಗಿ ಬರೆಯುತ್ತೇನೆ.

ಫುಂಗ್ ಓಡಿ ಬಂದ. "ಲುವಾ, ನಿನ್ನ ಗಂಡ ಬದುಕಿದಾನೆ! ದೊಡ್ಡ ಸಾಹೇಬ! ಪ್ರಾಂತ್ಯದ ನೀರಾವರಿ ಕಚೇರಿಗೆ ಉಪಮುಖ್ಯಸ್ಥ ಆಗಿ ಬರ್ತಾ ಇದಾನೆ. ಹತ್ತು ದಿನದಲ್ಲಿ ಇಲ್ಲಿರ್ತಾನೆ."

ಖುವಾಂಗ್. 1954ರಲ್ಲಿ ಹೋದವರು. ದೇಶ ಎರಡು ಹೋಳಾದಾಗ ಅವರ ಪಕ್ಷದವರೆಲ್ಲ ಹಡಗು ಹತ್ತಿ ಉತ್ತರಕ್ಕೆ ಹೋಗಬೇಕಿತ್ತು. ಎರಡೇ ವರ್ಷ, ಚುನಾವಣೆ ಆದ ತಕ್ಷಣ ವಾಪಸ್ ಎಂದರು. ನನಗೆ ಇಪ್ಪತ್ತೆರಡು. ತೊವಾನ್‌ಗೆ ಮೂರು. ಮೊದಲ ಎರಡು ವರ್ಷ ನಾಲ್ಕು ಕಾರ್ಡು ಬಂದವು. ಆಮೇಲೆ ಏನೂ ಇಲ್ಲ.

ಇಲ್ಲಿ ಪೊಲೀಸರ ಕಾಟ. ಗಂಡ ಉತ್ತರದಲ್ಲಿದ್ದಾನೆ ಎಂದರೆ ನಮ್ಮನ್ನೂ ಒಳಗೆ ಹಾಕುತ್ತಿದ್ದರು. ಅತ್ತೆ ಠಾಣೆಯಲ್ಲಿ, ಮಗ ಸತ್ತ ಎಂದು ಎದೆ ಬಡಿದುಕೊಂಡು ಅತ್ತರು. ಪಕ್ಕದ ಕೋಣೆಯಲ್ಲಿ ನಾನು ಬೇರೆ ಹೇಳಿದ್ದೆ: ಇನ್ನೊಬ್ಬಳನ್ನು ಕಟ್ಟಿಕೊಂಡು ಓಡಿಹೋದ. ಮೊದಲೇ ಮಾತಾಡಿಕೊಳ್ಳಬೇಕಿತ್ತು. ಪೊಲೀಸರು ಎರಡನ್ನೂ ಸೇರಿಸಿ ಬರೆದುಕೊಂಡರು — 'ಇನ್ನೊಬ್ಬಳ ಜೊತೆ ಓಡಿಹೋಗಿ ಸತ್ತ'. ಅಂದಿನಿಂದ ಅತ್ತೆ ದೇವರ ಗೂಡಿನಲ್ಲಿ ಫೋಟೋ ಇಟ್ಟು, ಪ್ರತಿ ವರ್ಷ ತಿಥಿ ಮಾಡುತ್ತಿದ್ದಾರೆ. ಇಡೀ ಬೀದಿ ಹತ್ತೊಂಬತ್ತು ಸಲ ಉಂಡಿದೆ. ಫುಂಗ್‌ಗೆ ಪ್ರತಿ ಸಲ ಎರಡನೇ ಬಾರಿ ಬಡಿಸಬೇಕು.

ಅತ್ತೆಯ ಕಿವಿಯ ಹತ್ತಿರ ಕೂಗಿ ಹೇಳಿದೆ. ಗೂಡಿನ ಫೋಟೋ ಕಡೆ ತಿರುಗಿ ನೋಡಿದರು. ಆಮೇಲೆ, "ಮುಂದಿನ ತಿಂಗಳು ತಿಥಿ ಇದೆಯಲ್ಲೇ. ಹಂದಿಗೆ ಹೇಳಾಗಿದೆ," ಎಂದರು.

ಜೂನ್ 8. ಭಾನುವಾರ

ಬಂದರು.

ಒಬ್ಬಳ ತಲೆಗೆ ಸೋಪು ಹಚ್ಚುತ್ತಿದ್ದೆ. ಬಾಗಿಲಲ್ಲಿ ಹಸಿರು ಟೋಪಿ, ರಬ್ಬರ್ ಚಪ್ಪಲಿ, ಬೆನ್ನಿಗೆ ದೊಡ್ಡ ಚೀಲ. ಹೋದಾಗ ಇಪ್ಪತ್ತೇಳು. ಈಗ ನಲವತ್ತೆಂಟು. ಬರೀ ಮೂಳೆ ಮತ್ತು ಕಿವಿ. ನನ್ನ ಕೈ ನಿಲ್ಲಲಿಲ್ಲ. "ಅಕ್ಕಾ, ಕಣ್ಣಿಗೆ ಹೋಗ್ತಾ ಇದೆ!" ಎಂದು ಗಿರಾಕಿ ಕಿರುಚುವವರೆಗೂ ತಿಕ್ಕುತ್ತಲೇ ಇದ್ದೆ.

"ಲುವಾ," ಎಂದರು.

"ಕೂತ್ಕೊಳಿ. ಈಗ ಬಂದೆ. ತಲೆ ತೊಳೀಬೇಕು," ಎಂದೆ. ಇಪ್ಪತ್ತೊಂದು ವರ್ಷ ಮನಸ್ಸಿನಲ್ಲಿ ಬರೆದಿಟ್ಟ ಮಾತುಗಳಲ್ಲಿ ಇದು ಇರಲಿಲ್ಲ.

ತೊವಾನ್ ಒಳಗಿನಿಂದ ಬಂದವನು ಹಸಿರು ಬಟ್ಟೆ ಕಂಡು ರೂಢಿಯಂತೆ ಸೆಟೆದು ಸೆಲ್ಯೂಟ್ ಹೊಡೆದ. ಅವರೂ ಹೊಡೆಯಲು ಕೈ ಎತ್ತಿದರು. ಅರ್ಧದಲ್ಲಿ ಇಬ್ಬರಿಗೂ ನೆನಪಾಯಿತು, ಬೇರೆ ಬೇರೆ ಸೈನ್ಯ. ಇಬ್ಬರೂ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡರು. ಅಪ್ಪ ಮಗ ಹೌದು, ಒಂದೇ ರೀತಿ ಕೆರೆದುಕೊಂಡರು.

ಚೀಲ ಬಿಚ್ಚಿದರು. ಹುಲ್ಲಿನಲ್ಲಿ ಸುತ್ತಿದ ಹನ್ನೆರಡು ಪಿಂಗಾಣಿ ಬಟ್ಟಲು. ಐದು ಕಿಲೋ ಅಕ್ಕಿ. ದಕ್ಷಿಣದವರು ಹೊಟ್ಟೆಗಿಲ್ಲದೆ ತೆಂಗಿನ ಚಿಪ್ಪಿನಲ್ಲಿ ಉಣ್ಣುತ್ತಾರೆ ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಎರಡು ಸಾವಿರ ಕಿಲೋಮೀಟರ್ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾರೆ. ಫ್ರಿಜ್ ನೋಡಿದರು. ಟಿವಿ ನೋಡಿದರು. ಗಾಜಿನ ಕಪಾಟಿನಲ್ಲಿ ನಮ್ಮ ಮೂವತ್ತು ಬಟ್ಟಲು ನೋಡಿದರು. ಮೆಲ್ಲಗೆ ಹುಲ್ಲನ್ನು ಮತ್ತೆ ಸುತ್ತತೊಡಗಿದರು.

ಅತ್ತೆ ಆ ಬಟ್ಟಲುಗಳನ್ನು ಕಿತ್ತುಕೊಂಡರು. ಹನ್ನೆರಡನ್ನೂ ತೊಳೆದರು. "ಇನ್ಮೇಲೆ ಈ ಮನೇಲಿ ಇದರಲ್ಲೇ ಊಟ," ಎಂದರು. ಖುವಾಂಗ್ ತಲೆ ಎತ್ತದೆ ಉಂಡರು.

ಉಂಡು ಕೈ ತೊಳೆಯುವಾಗ ಗೂಡಿನ ಗೋಡೆಯ ಮೇಲಿನ ಬೆಳ್ಳಗಿನ ಚೌಕ ಕಣ್ಣಿಗೆ ಬಿತ್ತು. ಬೆಳಿಗ್ಗೆಯಷ್ಟೇ ಫೋಟೋ ತೆಗೆದಿದ್ದೆ.

"ಇಲ್ಲಿ ಯಾರ ಫೋಟೋ ಇತ್ತಮ್ಮಾ?"

"ನಿಂದೇ ಕಣೋ. ಹತ್ತೊಂಬತ್ತು ವರ್ಷ ಹಂದಿಮಾಂಸ, ಮೊಟ್ಟೆ ಮಾಡಿ ಇಟ್ಟಿದೀನಿ. ಒಂದು ಸಲಾನೂ ಮುಟ್ಟಲಿಲ್ಲ ನೀನು!"

ಜೂನ್ 12

ಅವರ ಅಂಗಿ ಒಗೆದೆ. ಕಾಲರ್ ಮಗುಚಿ ಹೊಲಿದಿದೆ. ಸಣ್ಣ ಸಣ್ಣ ಹೊಲಿಗೆ, ಇರುವೆ ಸಾಲಿನ ಹಾಗೆ. ಗಂಡಸಿನ ಕೈಯದಲ್ಲ. ಸರ್ಕಾರದ ಕೈಯದೂ ಅಲ್ಲ.

ನಾಲ್ಕು ರಾತ್ರಿಯೂ ಅವರು ಅಂಗಡಿಯಲ್ಲಿ ಮಡಚುವ ಮಂಚದ ಮೇಲೆ ಮಲಗಿದ್ದರು. ಸೊಂಟ ನೋವು ಎಂದಿದ್ದರು. ನನಗೆ ಆಗಲೇ ತಿಳಿಯಬೇಕಿತ್ತು.

ಅಂಗಿ ಹಿಂಡುತ್ತ ಕೇಳಿದೆ: "ಹೆಸರೇನು?"

"ಯಾರದು?"

"ಕಾಲರ್‌ದು."

ಬಾವಿಯ ಹಗ್ಗ ಎತ್ತಿ ಸುತ್ತಿಟ್ಟರು. "ನ್ಯಾನ್."

"ಮಕ್ಕಳು?"

"ಇಬ್ಬರು ಹುಡುಗಿಯರು. ಲುವಾ, ನಾನು ನಿಂಗೆ ಹೇಳ್ಬೇಕು ಅಂತಾನೇ..."

"ನಾನು 1956ರಲ್ಲೇ ಪೊಲೀಸರಿಗೆ ಹೇಳಿದ್ದೆ," ಎಂದೆ. "ನೀವು ಯಾವಾಗ ಕಟ್ಟಿಕೊಂಡ್ರಿ?"

"1960."

"ಹಾಗಾದ್ರೆ ನಾಲ್ಕು ವರ್ಷ ಸುಳ್ಳು ಹೇಳಿದ ಹಾಗಾಯ್ತು ನಾನು."

ನಗು ಬಂತು. ಅಂಗಿಯನ್ನು ಎಷ್ಟು ಹಿಂಡಿದೆನೆಂದರೆ ಕಾಲರ್ ಕಿತ್ತುಬಂತು.

ಜೂನ್ 13

ಇಪ್ಪತ್ತೆರಡರಿಂದ ನಲವತ್ತಮೂರು. ಔಷಧಿ ಅಂಗಡಿಯ ಆ ಒಳ್ಳೆಯ ಮನುಷ್ಯ ಎರಡು ಸಲ ಕೇಳಿದ. ಎರಡು ಸಲವೂ ನನಗೆ ಗಂಡ ಇದ್ದಾನೆ ಎಂದೆ. ಊರೆಲ್ಲ ಅವರ ತಿಥಿ ಉಣ್ಣುತ್ತಿತ್ತು, ನಾನೊಬ್ಬಳು...

ಬರೆಯುವುದಿಲ್ಲ ಇದನ್ನು.

ಜೂನ್ 22

ಹಳೆಯ ಸೈನ್ಯದ ಕಿರಿಯ ಅಧಿಕಾರಿಗಳು ಕಲಿಕೆ ಶಿಬಿರಕ್ಕೆ ಹಾಜರಾಗಬೇಕು. ಹತ್ತು ದಿನಕ್ಕಾಗುವಷ್ಟು ಊಟ ತರಬೇಕು. ಫುಂಗ್ ಮೆಗಾಫೋನಿನಲ್ಲಿ ಓದಿದ. ಮೆಗಾಫೋನ್ ಅವನ ಐಸ್ ಗಾಡಿಯದೇ. ಮೊದಲೆರಡು ಪದ 'ಐಸ್, ತಣ್ಣನೆ ಐಸ್' ಎಂದೇ ಬಂತು.

ಖುವಾಂಗ್‌ರನ್ನು ಕೇಳಿದೆ. "ಕಳಿಸ್ಲಾ?"

"ಕಳಿಸು. ಪಕ್ಷ ಮಾತು ಕೊಟ್ಟಿದೆ. ಹತ್ತು ದಿನ ಪಾಠ ಕೇಳಿ ಬರ್ತಾನೆ."

ಮಜ್ಜಿಗೆಹುಲ್ಲು, ಉಪ್ಪು, ಮೆಣಸಿನಕಾಯಿ ಸೇರಿಸಿ ಹುರಿದು ಡಬ್ಬಿ ತುಂಬಿದೆ. ಒಣಮೀನು. ಅಕ್ಕಿ. ಅತ್ತೆ ಹನ್ನೆರಡರಲ್ಲಿ ಒಂದು ಬಟ್ಟಲು ಕೊಟ್ಟರು. ತೊವಾನ್, "ಅಮ್ಮಾ, ಹತ್ತೇ ದಿನ. ಯಾಕೆ ಹೀಗೆ ನೋಡ್ತೀಯಾ? ಈ ಸಲ ಪೈಜಾಮ ಹಾಕ್ಕೊಂಡು ಬರಲ್ಲ," ಎಂದ.

ಶಾಲೆಯ ಅಂಗಳದಲ್ಲಿ ಹತ್ತು ಲಾರಿ ನಿಂತಿದ್ದವು. ಹುಡುಗರೆಲ್ಲ ಪಿಕ್ನಿಕ್‌ಗೆ ಹೊರಟ ಹಾಗೆ ಬುತ್ತಿ ಹಿಡಿದಿದ್ದರು.

ಜುಲೈ 2

ಹಂದಿಮಾಂಸ, ಮೊಟ್ಟೆ, ಎಳನೀರಿನಲ್ಲಿ ಬೇಯಿಸಿದೆ. ಅವನಿಗೆ ಇಷ್ಟ. ಕಾಯುತ್ತಿದ್ದೇನೆ.

ಜುಲೈ 3

ಬಿಸಿ ಮಾಡಿಟ್ಟೆ.

ಜುಲೈ 4

ಮತ್ತೆ ಬಿಸಿ ಮಾಡಿದೆ.

ಜುಲೈ 15

ಶಾಲೆಯ ಅಂಗಳದಲ್ಲಿ ತಾಯಂದಿರ ಗುಂಪು. ಕಚೇರಿಯವನು ಹೊರಬಂದು ವಿವರಿಸಿದ. "ಹತ್ತು ದಿನದ ಊಟ ತರಬೇಕು ಅಂತ ಬರೆದಿತ್ತು. ಹತ್ತು ದಿನಕ್ಕೆ ಬಿಡ್ತೀವಿ ಅಂತ ಎಲ್ಲಿ ಬರೆದಿದೆ?" ಓದಿ ನೋಡಿದೆವು. ನಿಜ, ಬರೆದಿಲ್ಲ. ಇಷ್ಟು ಒಳ್ಳೆಯ ವ್ಯಾಕರಣ ಕಲಿತವರ ಕೈಗೆ ದೇಶ ಸಿಕ್ಕಿದೆ.

ಮನೆಗೆ ಬಂದು ಖುವಾಂಗ್‌ರ ಮುಂದೆ ನಿಂತೆ.

"ನೀವು ಎರಡು ವರ್ಷ ಅಂದ್ರಿ, ಇಪ್ಪತ್ತೊಂದು ವರ್ಷ ಆಯ್ತು. ಆ ಲೆಕ್ಕದಲ್ಲಿ ಹತ್ತು ದಿನ ಅಂದ್ರೆ ನೂರೈದು ದಿನ. ಅಲ್ವಾ?"

ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಅಪ್ಪ ನೀವು. ಉಪಮುಖ್ಯಸ್ಥ. ನನ್ನ ಮಗ, ನಾನು ಜಾಮೀನು, ಬಿಡಿ ಅಂತ ಒಂದು ಕಾಗದ ಬರೀರಿ. ಬೇರೆಯವರು ಬರೀತಾ ಇದಾರೆ."

ಅವರ ಮುಖ ಸುಣ್ಣವಾಯಿತು. "ಆಗಲ್ಲ ಲುವಾ."

"ಯಾಕೆ?"

"ನನ್ನ ಕಡತದಲ್ಲಿ..." ನೀರು ಕುಡಿದರು. "ನ್ಯಾನ್‌ಳನ್ನ ಮದುವೆ ಆಗೋಕೆ ಅನುಮತಿ ಬೇಕಿತ್ತು. ಊರಲ್ಲಿ ಹೆಂಡತಿ ಇದ್ರೆ ಕೊಡ್ತಿರಲಿಲ್ಲ. ಅದಕ್ಕೇ ಬರೆದೆ. ಹೆಂಡತಿ, ಮಗ, ಇಬ್ಬರೂ 1959ರಲ್ಲಿ ಶತ್ರುಗಳ ಕೈಲಿ ಸತ್ತರು ಅಂತ."

"ಯಾರಾದ್ರೂ ಹಾಗೆ ಹೇಳಿದ್ರಾ ನಿಮಗೆ?"

"ಇಲ್ಲ. ಯಾರೂ ಹೇಳಲಿಲ್ಲ."

ಸುಳ್ಳು ಬರೆದದ್ದನ್ನಾದರೂ ನೆಟ್ಟಗೆ ಒಪ್ಪಿಕೊಂಡರು.

"ಪಕ್ಷಕ್ಕೆ ಸುಳ್ಳು ಬರೆದೋರಿಗೆ ಏನಾಗುತ್ತೆ ಗೊತ್ತಾ ನಿಂಗೆ? ಅದೂ ಇರಲಿ. ಸತ್ತ ಮಗನ್ನ ಬಿಟ್ಟುಬಿಡಿ ಅಂತ ಹೇಗೆ ಬರೀಲಿ?"

ನಾವು ಅವರನ್ನು ಕೊಂದು ತಿಥಿ ಮಾಡಿದೆವು. ಅವರು ನಮ್ಮಿಬ್ಬರನ್ನೂ ಕೊಂದು ಮದುವೆ ಮಾಡಿಕೊಂಡರು. ನಾವಾದರೂ ಊರಿಗೆ ಊಟ ಹಾಕಿದ್ದೆವು.

"ನಂಗೆ ಗಂಡ ಬೇಡ," ಎಂದೆ. "ಇಪ್ಪತ್ತೊಂದು ವರ್ಷ ಇಲ್ಲದೆ ನಡೀತು. ಅವನಿಗೆ ಅಪ್ಪ ಬೇಕು. ಒಂದು ಸಹಿಗೆ."

ಕಚೇರಿಯ ಕ್ವಾರ್ಟರ್ಸ್‌ಗೆ ಹೊರಟುಹೋದರು. ಊಟಕ್ಕೆ ಬರುತ್ತಾರೆ, ಅತ್ತೆಗಾಗಿ. ನಾನು ಬಡಿಸುತ್ತೇನೆ. ಮಾತಾಡುವುದಿಲ್ಲ.

ಅಕ್ಟೋಬರ್ 5

ಇವತ್ತಿಗೆ ನೂರೈದು ದಿನ. ಬರಲಿಲ್ಲ. ಅವರ ಲೆಕ್ಕವೂ ತಪ್ಪು, ನನ್ನದೂ ತಪ್ಪು.

ನವೆಂಬರ್ 19

ಇವತ್ತು ನಡೆದದ್ದನ್ನು ಬರೆಯಲೇಬೇಕು.

ಹತ್ತು ಗಂಟೆಗೆ ಬಾಗಿಲಲ್ಲಿ ಒಬ್ಬಳು. ಮೂವತ್ತೈದರ ಆಸುಪಾಸು. ಕುಳ್ಳಿ, ಕಂದು ರವಿಕೆ, ಬಿಗಿಯಾಗಿ ಕಟ್ಟಿದ ತುರುಬು. ಹಿಂದೆ ಇಬ್ಬರು ಹುಡುಗಿಯರು, ಬಸ್ಸಿನಲ್ಲಿ ವಾಂತಿ ಮಾಡಿ ಹಸಿರಾಗಿದ್ದರು. ಕೈಯಲ್ಲಿ ಊದುಬತ್ತಿಯ ಕಟ್ಟು.

"ಇದು ಖುವಾಂಗ್ ಅವರ ಮನಿ ಹೌದಲ್ರೀ?"

ಅಪ್ಪಟ ಉತ್ತರದ ಮಾತು. ಫುಂಗ್‌ನದಲ್ಲ, ನಿಜವಾದದ್ದು.

"ಹೌದು."

"ನಾ ಅವರ ಹೆಂಡ್ತಿ ರೀ, ನ್ಯಾನ್. ಕಾಗದಕ್ಕ ಉತ್ತರಾನ ಬರಲಿಲ್ಲ, ಅದಕ್ಕ ನಾನ ಬಂದೆ. ಅಕ್ಕಾರ ಫೋಟೋ ಎಲ್ಲೈತ್ರೀ? ಮೊದ್ಲ ಊದಬತ್ತಿ ಹಚ್ಚತೀನಿ, ಆಮ್ಯಾಲೆ ನೀರು ಕುಡೀತೀನಿ."

"ಯಾವ ಅಕ್ಕ?"

"ಅವರ ಮೊದಲ್ನೇ ಹೆಂಡ್ತಿ ರೀ. ಲುವಾ ಅಕ್ಕಾರು. ಪಾಪ, ಕೂಸಿನ ಜೋಡಿ ತೀರಿಕೊಂಡ್ರಲ್ಲ. ಹದಿನೈದು ವರ್ಷ ಆತು, ನಾನ ವರ್ಷಾ ಎಡೆ ಇಡ್ತೀನಿ ಅವರಿಗೆ."

ಕತ್ತರಿ ಕೆಳಗಿಟ್ಟೆ.

"ನಾನೇ ಲುವಾ."

ನನ್ನ ಕಾಲು ನೋಡಿದಳು, ನೆಲಕ್ಕೆ ತಾಗಿದೆಯೇ ಎಂದು. ಆಮೇಲೆ ಕೈಯಲ್ಲಿದ್ದ ಕಟ್ಟು ನೋಡಿದಳು. "ಹಂಗಂದ್ರ... ಈ ಊದಬತ್ತಿ?"

"ತಂದಿದೀಯಲ್ಲ, ಒಳಗೆ ಬಾ. ಸೊಳ್ಳೆಗಾದ್ರೂ ಆಗುತ್ತೆ."

ಅಲ್ಲೇ ಕುಸಿದು ಕೂತಳು. ಅತ್ತಳು. ನನಗಾಗಿ ಅತ್ತಳೋ, ತನಗಾಗಿಯೋ, ಹದಿನೈದು ವರ್ಷ ಎಡೆಯಿಟ್ಟ ಕೋಳಿಗಾಗಿಯೋ. ನಾನೂ ಅತ್ತೆ. ನೀರಿಗೆ ಬದಲು ಎಳನೀರು ಕೊಟ್ಟೆ. ಹುಡುಗಿಯರಿಗೆ ನೂಡಲ್ಸ್ ತರಿಸಿದೆ. ಇಬ್ಬರ ಕಿವಿಯೂ ತೊವಾನ್‌ನ ಕಿವಿ.

ಅತ್ತೆಯನ್ನು ಕಂಡು ನ್ಯಾನ್ ಕಾಲಿಗೆ ಬಿದ್ದು, "ಅತ್ತೀ, ನೀವು ಭಾಳ ಓಮ್ ಆಗೀರಿ?" ಎಂದು ಕೇಳಿದಳು. ಅವರಲ್ಲಿ ಓಮ್ ಎಂದರೆ ಕಾಯಿಲೆ. ನಮ್ಮಲ್ಲಿ ಸಣಕಲು. ಇದೊಂದು ಮಾತು ಅತ್ತೆಗೆ ಹೇಗೋ ಕೇಳಿಸಿತು. "ನಾನು ಸಣಕಲಾ? ನೀನೇ ಕನ್ನಡೀಲಿ ನೋಡ್ಕೊಳೆ!" ಎಂದರು.

ಮಧ್ಯಾಹ್ನ ಊಟಕ್ಕೆ ಖುವಾಂಗ್ ಬಂದರು. ಬಾಗಿಲಲ್ಲೇ ನಿಂತರು. ಓಡುವ ಹಾಗಿರಲಿಲ್ಲ, ದೊಡ್ಡ ಹುಡುಗಿ ಸೊಂಟಕ್ಕೆ ಜೋತುಬಿದ್ದಿದ್ದಳು. ಖಾಲಿ ಇದ್ದದ್ದು ಡ್ರೈಯರ್ ಕೆಳಗಿನ ಕುರ್ಚಿ ಒಂದೇ. ಕೂತರು. ಆ ದೊಡ್ಡ ಬುಟ್ಟಿ ತಲೆಯ ಮೇಲೆ, ಎರಡೂ ಕಡೆ ನಾವು.

"ಯಾಕ್ರೀ," ಎಂದಳು ನ್ಯಾನ್, "ಜೀವಂತ ಹೆಂಗಸಿಗೆ ನನ್ನ ಕೈಯಾಗ ಎಡೆ ಇಡಿಸಿದ್ರಿ?"

"ಪರಿಸ್ಥಿತಿ ಹಾಗಿತ್ತು..."

"ಪರಿಸ್ಥಿತೀನ ನಿಮ್ಮನ್ನ ಮದುವಿ ಆಗಿತ್ತೇನು?"

ನಾನು ಡ್ರೈಯರ್ ಸ್ವಿಚ್ ಹಾಕಿದೆ. ಬೇಕಂತಲೇ.

ನವೆಂಬರ್ 21

ಮೂರು ದಿನದಿಂದ ನ್ಯಾನ್ ಇಲ್ಲೇ ಇದ್ದಾಳೆ. ಕ್ವಾರ್ಟರ್ಸ್‌ಗೆ ಹೋಗಲೊಲ್ಲೆ ಎಂದಳು. ತೊವಾನ್‌ನ ಕತೆ ಹೇಳಿದೆ. ಖುವಾಂಗ್ ಕಡತದಲ್ಲಿ ಬರೆದದ್ದನ್ನೂ ಹೇಳಿದೆ.

ಅವಳಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ತೋಳು ಮೇಲೇರಿಸಿದಳು. ಉತ್ತರದ ಬಟ್ಟೆ ಗಿರಣಿಯೊಂದರ ಕಡತ ವಿಭಾಗದಲ್ಲಿ ಹನ್ನೆರಡು ವರ್ಷ ಟೈಪಿಸ್ಟ್ ಆಗಿದ್ದವಳು. "ಅಕ್ಕಾ, ಕಡತದಾಗ ಸುಳ್ಳು ಬರದೆ ಅಂತ ಎಂದೂ ಬರೀಬಾರದು. ಆವಾಗಿನ ಮಾಹಿತಿ ಅಪೂರ್ಣ ಇತ್ತು ಅಂತ ಬರೀಬೇಕು."

ರೋಲರ್ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಬರೆದಳು. 'ಶತ್ರುವಿನ ದಿಗ್ಬಂಧನದಿಂದಾಗಿ ಕುಟುಂಬದ ಬಗ್ಗೆ ತಪ್ಪು ಸುದ್ದಿ ದೊರೆತಿತ್ತು. ಇದೀಗ ವಿಮೋಚನೆಯ ಫಲವಾಗಿ ಹೆಂಡತಿ ಮತ್ತು ಮಗ ಜೀವಂತವಾಗಿರುವುದು ಬೆಳಕಿಗೆ ಬಂದಿದೆ.'

"ವಿಮೋಚನೆ ನನ್ನನ್ನ ಬದುಕಿಸ್ತು ಅಂತಲಾ?"

"ಹೂಂ ರೀ. ಇದನ್ನ ಯಾರೂ ಇಲ್ಲಾ ಅನ್ನಂಗಿಲ್ಲ. ಅಂದ್ರ ಅವರ ಕುತ್ತಿಗಿಗೆ ಬರತೈತಿ."

"ಇದನ್ನ ಕೊಟ್ರೆ ನಿನ್ನ ಮದುವೆ ಏನಾಗುತ್ತೆ?"

ಪೆನ್ನಿನ ತುದಿ ಕಚ್ಚಿದಳು. "ಅದನ್ನ ವಿಚಾರ ಮಾಡಾಕ ಕೂತ್ರ ಬರಿಯಾಕ ಆಗಂಗಿಲ್ಲ," ಎಂದಳು. ಮುಂದಿನ ಸಾಲು, ಮಗನ ಜಾಮೀನಿನದು, ಬರೆದಳು.

ಸಂಜೆ ಖುವಾಂಗ್ ಓದಿದರು. ಎರಡು ಸಲ. "ಕೆಲಸ ಹೋಗಬಹುದು," ಎಂದರು. ನ್ಯಾನ್ ಪೆನ್ನನ್ನು ಅವರ ಮುಂದಿಟ್ಟಳು. ಅತ್ತೆ ಪಕ್ಕದ ಮಂಚದಿಂದ, "ಅದೇನು ಕಾಗದ? ಮತ್ತೆ ಸತ್ತನಾ?" ಎಂದರು.

"ಇಲ್ಲಮ್ಮಾ," ಎಂದರು ಖುವಾಂಗ್. "ಇಲ್ಲ." ಸಹಿ ಹಾಕಿದರು. ಮೊದಲ ಸಹಿಗೆ ಕಾಗದ ಹರಿಯಿತು. ನ್ಯಾನ್ ಇನ್ನೊಮ್ಮೆ ಬರೆದಳು, ಅವರು ಇನ್ನೊಮ್ಮೆ ಹಾಕಿದರು.

ಡಿಸೆಂಬರ್ 9

ನಾನು ಬದುಕಿದ್ದೇನೆ ಎಂದು ಪ್ರಮಾಣಪತ್ರ ಬೇಕಂತೆ. ಬೀದಿಯ ಮುಖ್ಯಸ್ಥನ ಮುದ್ರೆ. ಫುಂಗ್ ಮೇಜಿನ ಹಿಂದೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಸಂಗಾತಿ, ಬದುಕಿದ್ದಕ್ಕ ಏನ ಪುರಾವೆ?"

"ಹತ್ತೊಂಬತ್ತು ವರ್ಷ ನಿಂಗೆ ಎರಡನೇ ಸಲ ಬಡಿಸಿದ್ದು ಯಾರೋ?"

ಮುದ್ರೆ ಒತ್ತಿದ.

ಖುವಾಂಗ್‌ರ ವಿಚಾರಣೆ ಆಯಿತು. ಉಪಮುಖ್ಯಸ್ಥನ ಹುದ್ದೆ ಹೋಯಿತು. ಈಗ ಕಾಲುವೆ ಬಾಯಿಯ ತೂಬಿನಲ್ಲಿ ಕೂತು ದಿನಕ್ಕೆ ನಾಲ್ಕು ಸಲ ನೀರಿನ ಮಟ್ಟ ಬರೆಯುವ ಕೆಲಸ. ಎರಡು ಮದುವೆಯ ವಿಷಯ ಸಮಿತಿಯಲ್ಲಿ ಬಂತಂತೆ. ಅಧ್ಯಕ್ಷ ಕೆಮ್ಮಿ, ಅದನ್ನು ಮುಂದಿನ ಸಭೆಗೆ ಹಾಕಿದನಂತೆ. ಅವನೂ ಉತ್ತರಕ್ಕೆ ಹೋಗಿ ಬಂದವನೇ. ಸಮಿತಿಯ ಏಳು ಜನರಲ್ಲಿ ಐವರೂ ಕೆಮ್ಮಿದರಂತೆ.

ನ್ಯಾನ್ ಹುಡುಗಿಯರನ್ನು ಕರೆದುಕೊಂಡು ತೂಬಿನ ಮನೆಗೆ ಹೋದಳು. "ಸಿಟ್ಟು ಹೋಗಿಲ್ಲ ಅಕ್ಕಾ. ಆದ್ರ ಅಲ್ಲೆ ಒಬ್ಬರ ಕೂತ್ರ ಉಪವಾಸ ಸಾಯತಾರ." ಹೋಗಲಿ. ನನಗೆ ನೋವಾಗಲಿಲ್ಲ. ಸ್ವಲ್ಪ ಆಯಿತು. ಅಂಗಡಿಯಲ್ಲಿ ಅವಳ ಮಾತಿಲ್ಲದೆ ಬಿಕೋ ಎನ್ನುತ್ತದೆ.

ಫೆಬ್ರವರಿ 14, 1976

ಹೊಸವರ್ಷದ ಹಬ್ಬ ಕಳೆದು ಎರಡು ವಾರ. ಶಿಬಿರದಲ್ಲಿ ತೊವಾನ್‌ನ ಭೇಟಿಗೆ ಅನುಮತಿ ಬಂತು. ಜೊಂಡಿನ ಬಯಲಿನೊಳಗೆ ದೋಣಿಯಲ್ಲಿ ಆರು ಗಂಟೆ. ನಾನು, ನ್ಯಾನ್. ತೂಬು ಬಿಟ್ಟು ಬರುವ ಹಾಗಿಲ್ಲವೆಂದು ಖುವಾಂಗ್ ಬರಲಿಲ್ಲ. ಬುತ್ತಿ ಕಟ್ಟುವಾಗಲೇ ಜಗಳ. ಅವಳ ಅಡುಗೆಗೆ ಸಕ್ಕರೆಯೇ ಇಲ್ಲ, ನನ್ನ ಅಡುಗೆ ಪಾಯಸವಂತೆ. ಎರಡೂ ಕಟ್ಟಿದೆವು.

ಗೇಟಿನಲ್ಲಿ ಅರ್ಜಿ. 'ಸಂಬಂಧ' ಎಂಬಲ್ಲಿ ನಾನು ತಾಯಿ ಎಂದು ಬರೆದೆ. ಅವಳೂ ಬರೆದಳು. ಕಾವಲಿನ ಹುಡುಗ ಎರಡು ಅರ್ಜಿ ಅಕ್ಕಪಕ್ಕ ಇಟ್ಟ.

"ಇವನಿಗೆ ಎಷ್ಟು ಜನ ತಾಯಂದಿರು?"

"ಒಬ್ಬಳೇ," ಎಂದೆ.

"ಇಬ್ಬರು ರೀ," ಎಂದಳು.

"ಮೊದ್ಲು ಮಾತಾಡಿಕೊಂಡು ಬನ್ನಿ," ಎಂದ. ಹಳೆಯ ಪೊಲೀಸ್ ಠಾಣೆ ನೆನಪಾಯಿತು. ನ್ಯಾನ್ ಮುಂದೆ ಬಾಗಿ, ಕಡತದ ದನಿಯಲ್ಲಿ, "ಒಬ್ಬಾಕಿ ಹಡದಾಕಿ, ಒಬ್ಬಾಕಿ ಜಾಮೀನು ಬರದಾಕಿ. ಎರಡೂ ಕಾಗದ ಅದಾವ. ನೋಡ್ರಿ," ಎಂದಳು. ಒಳಗೆ ಬಿಟ್ಟ.

ತೊವಾನ್ ಬಂದ. ಬೂಟಿಲ್ಲ. ಬರಿಗಾಲು. ಅರ್ಧ ಆಗಿದ್ದಾನೆ. ನನ್ನನ್ನು ನೋಡಿದ. ಅವಳನ್ನು ನೋಡಿದ. ಹದಿನೈದು ನಿಮಿಷ. ಒಂದು ಜೀವನದಷ್ಟು ವಿಷಯ ಇದೆ, ಎಲ್ಲಿಂದ ಶುರು ಮಾಡಲಿ?

"ಇವಳು ನ್ಯಾನ್," ಎಂದೆ. "ನಿಮ್ಮಪ್ಪನ... ನಿಂಗೆ ಚಿಕ್ಕಮ್ಮ."

ನ್ಯಾನ್ ಎರಡು ಡಬ್ಬಿ ಮುಂದಿಟ್ಟು ಕಣ್ಣು ಬಿಡದೆ ಕಾದಳು, ಯಾವುದನ್ನು ಮೊದಲು ಮುಟ್ಟುತ್ತಾನೆ ಎಂದು. ನಾನೂ ಕಾದೆ. ತೊವಾನ್ ಎರಡನ್ನೂ ಒಂದಕ್ಕೊಂದು ಸುರಿದುಕೊಂಡು ತಿಂದ. ತಿನ್ನುತ್ತ, "ಅಮ್ಮಾ, ಇಲ್ಲಿ ನಂಗೆ ಏನು ಕೆಲಸ ಗೊತ್ತಾ? ಗುದ್ದಲಿ ಎಣಿಸೋದು," ಎಂದ. ನಕ್ಕ. ಕೈ ತುಂಬ ಬೊಬ್ಬೆ ಇತ್ತು. ಎಣಿಸಿದರೆ ಬೊಬ್ಬೆ ಏಳುವುದಿಲ್ಲ.

ದೋಣಿಯಲ್ಲಿ ವಾಪಸ್ ಬರುವಾಗ ನ್ಯಾನ್ ನನ್ನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದಳು. ತಳ್ಳಲಿಲ್ಲ.

ಸೆಪ್ಟೆಂಬರ್ 17, 1976. ಮಧ್ಯಾಹ್ನ ಎರಡು ಗಂಟೆ

ತೊವಾನ್ ಬಂದ. ಬೆಳಿಗ್ಗೆ ಒಂಬತ್ತಕ್ಕೆ. ಬಿಡುಗಡೆ ಪತ್ರದಲ್ಲಿ ಅಪ್ಪನ ಜಾಮೀನಿನ ಮೇಲೆ ಎಂದಿದೆ. ನ್ಯಾನ್ ಅದನ್ನು ಓದಿ ಒಂದು ಕಾಗುಣಿತದ ತಪ್ಪು ಹುಡುಕಿದಳು.

ತಲೆ ತೊಳೆದೆ. ಕೂದಲು ಕತ್ತರಿಸಿದೆ. ಹೇನು. ಅರ್ಧ ಕತ್ತರಿಸುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋದ. ಖುವಾಂಗ್ ಬಂದು ಎತ್ತಿ ಮಂಚದ ಮೇಲೆ ಮಲಗಿಸಿದರು. ಮೂರು ವರ್ಷದವನಿದ್ದಾಗ ಎತ್ತಿದ್ದು, ಈಗ ಇಪ್ಪತ್ತೈದಕ್ಕೆ. ಭಾರ ಹೆಚ್ಚೇನೂ ಇರಲಿಲ್ಲ ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಎರಡು ಗಂಟೆಯ ನೀರಿನ ಮಟ್ಟ ಬರೆಯುವುದಿದೆ, ಹೋಗಿಲ್ಲ.

ತಲೆಯ ಒಂದು ಕಡೆ ಮಾತ್ರ ಕತ್ತರಿಸಿದೆ. ಇನ್ನೊಂದು ಕಡೆ ಹಾಗೇ ಇದೆ. ಇರಲಿ.

ಹತ್ತು ಗಂಟೆಯಿಂದ ಮಲಗಿದ್ದಾನೆ. ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿಲ್ಲ. ಫುಂಗ್ ಕೂಡ ಗಾಡಿಯನ್ನು ಮೆಗಾಫೋನ್ ಇಲ್ಲದೆ ತಳ್ಳಿಕೊಂಡು ಹೋದ. ಒಂದು ದೊಡ್ಡ ಗಡ್ಡೆ ಐಸ್ ಬಾಗಿಲಲ್ಲಿಟ್ಟಿದ್ದಾನೆ. ಹುಡುಗಿಯರು ಮಂಚದ ಕಾಲ ಹತ್ತಿರ ಕೂತು ಅಣ್ಣನ ಕಿವಿಯನ್ನೂ ತಮ್ಮ ಕಿವಿಯನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಅತ್ತೆ ಮಾತ್ರ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಕೂಗುತ್ತಿದ್ದಾರೆ — "ಎದ್ದನಾ? ಎದ್ದನಾ?"

ಒಲೆಯ ಮೇಲೆ ಎರಡು ಪಾತ್ರೆ. ಒಂದು ನನ್ನದು, ಎಳನೀರಿನದು. ಇನ್ನೊಂದು ನ್ಯಾನ್‌ದು, ಬರೀ ಉಪ್ಪು. ಅವಳು ಒಲೆಯ ಪಕ್ಕ ಸೌಟು ಹಿಡಿದು ಕೂತಿದ್ದಾಳೆ. ನಾನು ಬಾಗಿಲ ಪಕ್ಕ, ಇದನ್ನು ಬರೆಯುತ್ತ. ಮಂಚಕ್ಕೆ ಇಬ್ಬರದೂ ಒಂದೇ ದೂರ. ಅಳೆದುಕೊಂಡೇ ಕೂತಿದ್ದೇವೆ.

ಮಗ್ಗುಲು ಬದಲಿಸಿದ.

ಕಣ್ಣು ಬಿಟ್ಟ. ಅಮ್ಮಾ ಹಸಿವು ಎಂದ. ಯಾವ ಅಮ್ಮ ಎಂದು ಗೊತ್ತಾಗಲಿಲ್ಲ, ನ್ಯಾನ್ ಆಗಲೇ ಎದ್ದಳು, ನಾನೇ ಮೊದಲು ಬಡಿಸಬೇಕು, ಪೆನ್ನು ಇಲ್ಲೇ—